ಸುಗ್ಗಿಯ ಕುಣಿತವೂ ಅಜ್ಜಿಯ ಪದವೂ

ಒಂದು ನಾಡಿನ ಇತಿಹಾಸವನ್ನು ಬರೆಯಲೆಳಸುವವರು ಮೊದಲು ಶಿಲಾಶಾಸನಗಳನ್ನೂ ತಾಮ್ರಪಟಗಳನ್ನೂ, ಅನಂತರ ಪರದೇಶೀಯ ಪ್ರವಾಸಿಗಳ ಬರಹಗಳನ್ನೂ, ಕಡೆಗೆ ಸರಕಾರದ ದಫ್ತರಗಳನ್ನೂ ಆಶ್ರಯಿಸುವುದು ರೂಢಿಯಾಗಿದೆ. ಭಟಕಳ, ಹೊನ್ನಾವರ, ಕುಮಟೆಗಳೆಂಬ ನಮ್ಮ ಮೂರು ತಾಲೂಕುಗಳು ಈ ವಿಷಯದಲ್ಲಿ ದರಿದ್ರವಾದುವಲ್ಲ. ಹಾಡುವಳ್ಳಿಯ ಸಾಳುವರ ಶಾಸನಗಳುಂಟು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದು ಕರೆದ ದಾಖಲೆಯುಂಟು. ೧೮೦೧ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬಾತನು ಈ ಕರಾವಳಿಯ ದಾರಿಯಲ್ಲಿ ಹಾದುಹೋಗುತ್ತ ಬರೆದಿಟ್ಟ ದಿನಚರಿಯುಂಟು. ೧೮೮೩ರಲ್ಲಿ ಮುಂಬಯಿ ಸರಕಾರವು ಅಚ್ಚು ಹಾಕಿಸಿದ ಕಾನಡಾ ಜಿಲ್ಲೆಯ ಗ್ಯಾಸೆಟಿಯರುಂಟು. ಕುಣಿತದ ವಿಷಯಕ್ಕೇ ಬಂದರೆ, ಭಟಕಳದ ಖೇತಪೈ ನಾರಾಯಣ ದೇವಾಲಯದ ಭಿತ್ತಿಗಳ ಮೇಲೆ ಕುಣಿಯುವವರೂ ಬಾಜಿಸುವವರೂ ಕಲ್ಲಿನಲ್ಲಿ ನಿಂತು ಇಂದಿಗೂ ನಮ್ಮನ್ನು ನೋಡುತ್ತಿರುವರು.

ಆದರೆ ಈ ಸಾಧನಗಳೆಲ್ಲವನ್ನೂ ಒಂದೆಡೆ ರಾಶಿ ಹಾಕಿ ನೋಡಿದರೂ ಒಂದು ಕೊರತೆ ಉಳಿದೇ ಉಳಿಯುವುದು. ಅರಸನು ದತ್ತಿ ಬಿಟ್ಟ ಗದ್ದೆಯ ಎಲ್ಲೆಕಟ್ಟು ಶಾಸನದಲ್ಲಿದೆ. ಆ ಗದ್ದೆಯಲ್ಲಿ ನೆಟ್ಟಿ ಮಾಡಿದವಳ ಹೆಸರು ಅದರಲ್ಲಿಲ್ಲ. ಹಡಗನ್ನೇರಿದ ಮೆಣಸಿನ ಲೆಕ್ಕ ಪರದೇಶದ ಪುಸ್ತಕದಲ್ಲಿದೆ. ಗುಡ್ಡದಿಂದ ಬಂದರಿಗೆ ಅದನ್ನು ಹೊತ್ತವಳ ಮಾತು ಅದರಲ್ಲಿಲ್ಲ. ಓದುಬರಹವನ್ನರಿಯದ ಇಂಥ ಮನೆತನಗಳು ತಾವು ಯಾರು, ಎಲ್ಲಿಂದ ಬಂದವರು, ಯಾರಿಗೆ ನೆಂಟರು ಎಂಬುದನ್ನು ನೂರಾರು ವರ್ಷ ಹೇಗೆ ಕಾದುಕೊಂಡುವು? ನಮ್ಮ ಕಡೆಯ ಹಾಲಕ್ಕಿ ಒಕ್ಕಲ ಜನರನ್ನು ನೋಡಿದರೆ ಉತ್ತರವು ಸ್ಪಷ್ಟವಾಗಿರುವುದು: ಅಂಗಳದಲ್ಲಿ ಗಂಡಸರು ಕುಣಿವ ಸುಗ್ಗಿಯಿಂದ ಮತ್ತು ಒಳಗೆ ಅಜ್ಜಿಯು ಹೇಳುವ ಪದದಿಂದ. ಈ ಎರಡರಲ್ಲಿ ಮೊದಲನೆಯದನ್ನು ಲೋಕವು ನೋಡಿ ಮೆಚ್ಚಿದೆ. ಎರಡನೆಯದನ್ನು ಕೇಳಿಯೂ ಕೇಳದಂತಿದೆ. ಅಜ್ಜಿಯ ಪದವನ್ನು ಇತಿಹಾಸಕ್ಕೆ ಪ್ರಮಾಣವೆಂದು ಹಿಡಿಯಬಹುದೆ ಎಂಬುದೇ ಈ ಲೇಖನದಲ್ಲಿ ವಿಚಾರಿಸತಕ್ಕ ವಿಷಯ.

ಪ್ರಮಾಣದ ಮಾತು ಬಂದುದರಿಂದ ನಮ್ಮ ಶಾಸ್ತ್ರಕಾರರ ಅಭಿಪ್ರಾಯವನ್ನು ಮೊದಲು ನೋಡುವುದು ಯುಕ್ತವು. ನಾಟ್ಯಶಾಸ್ತ್ರವನ್ನು ರಚಿಸಿದ ಭರತನು ನಾಟ್ಯಕ್ಕೆ ಲೋಕ, ವೇದ, ಅಧ್ಯಾತ್ಮ ಎಂಬ ಮೂರು ಪ್ರಮಾಣಗಳನ್ನು ಹೇಳಿ, ಪ್ರಯೋಗದಲ್ಲಿ ಲೋಕವನ್ನೇ ಪ್ರಮಾಣವಾಗಿ ಕೊಳ್ಳಬೇಕೆಂದು ತೀರ್ಮಾನಿಸಿರುವನು. ನಾಟ್ಯಧರ್ಮಿಯ ಪಕ್ಕದಲ್ಲಿ ಲೋಕಧರ್ಮಿಯೆಂಬ ಇನ್ನೊಂದು ಬಗೆಯನ್ನೂ ಆತನು ಅಂಗೀಕರಿಸಿರುವನು. ಇನ್ನು ನ್ಯಾಯಶಾಸ್ತ್ರದಲ್ಲಿ ಆಪ್ತನಾದವನ ಉಪದೇಶವೇ ಶಬ್ದಪ್ರಮಾಣವು. ಆಪ್ತನೆಂದರೆ ಯಾರು? ವಿಷಯವನ್ನು ತಾನೇ ಕಂಡು, ಕಂಡಂತೆ ಹೇಳಬೇಕೆಂಬ ಇಚ್ಛೆಯುಳ್ಳವನು. ಭಾಷ್ಯಕಾರನಾದ ವಾತ್ಸ್ಯಾಯನನು ಇಷ್ಟಕ್ಕೇ ನಿಲ್ಲದೆ, ಈ ಲಕ್ಷಣವು ಋಷಿಗಳಿಗೂ ಆರ್ಯರಿಗೂ ಮ್ಲೇಚ್ಛರಿಗೂ ಸಮಾನವೆಂದು ಬಿಚ್ಚಿ ಹೇಳಿರುವನು. ಮೂಲವಕ್ತಾರನು ಯಾರೆಂದು ತಿಳಿಯದೆ ಪರಂಪರೆಯಿಂದ ಬಂದ ಮಾತಿಗೆ ಐತಿಹ್ಯವೆಂದು ಹೆಸರು. ಅದನ್ನೂ ನೈಯಾಯಿಕರು ತಳ್ಳಿಬಿಡದೆ ಶಬ್ದದಲ್ಲೇ ಅಡಗಿಸಿಕೊಂಡರು. ಪಾಠಶಾಲೆಯ ಜಗಲಿಯಲ್ಲಿ ಕುಳಿತು ಈ ಸೂತ್ರಗಳನ್ನು ಉರುಹೊಡೆದ ನಮ್ಮಂಥವರು, ಪಕ್ಕದ ಕೊಪ್ಪದ ಅಜ್ಜಿಯ ಮಾತನ್ನು ಹಳೆಯ ಕಾಲದ ಮುದುಕಿಯ ಹರಟೆಯೆಂದು ತಳ್ಳಿದರೆ ಓದಿದುದಕ್ಕೆ ವಿರುದ್ಧವಾಗಿ ನಡೆದಂತಾಗುವುದಿಲ್ಲವೆ?

ಈಗ ಜನರ ವಿಷಯ. ಹೊನ್ನಾವರದಲ್ಲಿ ಶರಾವತಿಯು ಕಡಲನ್ನು ಸೇರುವುದು; ಕುಮಟೆಯ ಸೀಮೆಯಲ್ಲಿ ಅಘನಾಶಿನಿಯು; ಅದರ ಬಡಗಣ ಮೇರೆಯಲ್ಲಿ ಗಂಗಾವಳಿಯು; ಆಚೆ ಅಂಕೋಲೆ, ಕಾರವಾರಗಳು. ಈ ಹೊಳೆಗಳ ನಡುವಣ ಗುಡ್ಡದ ಬುಡಗಳಲ್ಲಿಯೂ ಗದ್ದೆಯ ಅಂಚುಗಳಲ್ಲಿಯೂ ಹಾಲಕ್ಕಿ ಒಕ್ಕಲರ ಕೊಪ್ಪಗಳಿವೆ. ಹಾಲು ಮತ್ತು ಅಕ್ಕಿಯಿಂದ ಪಾರ್ವತಿಯು ಮಾಡಿದ ಬೊಂಬೆಗಳಿಗೆ ಶಿವನು ಜೀವ ತುಂಬಿದನೆಂದೂ, ಅದರಿಂದ ತಮ್ಮ ಕುಲ ಹುಟ್ಟಿತೆಂದೂ ಅವರಲ್ಲಿ ಕಥೆಯುಂಟು. ಅವರ ನಾಡು ಗೋಕರ್ಣ ಸೀಮೆ, ಚಂದಾವರ ಸೀಮೆ ಮುಂತಾಗಿ ಸೀಮೆಗಳಾಗಿ ಹಂಚಿಹೋಗಿರುವುದು. ಸೀಮೆಗೆ ಅರಗೌಡ, ಊರಿಗೆ ಊರಗೌಡ, ಆತನಿಗೆ ನೆರವಾಗಿ ಬುಧವಂತ, ಕರೆಹೇಳಲು ಕೋಲಕಾರ, ಹೀಗೆ ಕಟ್ಟುಪಾಡುಂಟು. ಕುಟುಂಬಗಳು ಬಳಿಗಳೆಂಬ ಮೂಲಗಳಿಗೆ ಸೇರಿದುವು. ಒಂದೇ ಬಳಿಯವರಲ್ಲಿ ಕೊಳುಕೊಡೆ ಕೂಡದು. ಇಷ್ಟೆಲ್ಲ ವ್ಯವಸ್ಥೆಗೆ ಬರೆದ ಕಾಗದವಿರಲಿಲ್ಲ. ತೆಂಕಣದ ಭಟಕಳ ತಾಲೂಕಿನ ಗೊಂಡರಲ್ಲಿಯೂ ಹೀಗೆಯೇ. ಅವರ ಡಕ್ಕೆಯ ಕುಣಿತವೂ ಬಾಯಿಂದ ಬಾಯಿಗೆ, ಕಾಲಿಂದ ಕಾಲಿಗೆ ಬಂದ ವಿದ್ಯೆಯೇ ಸರಿ.

ಹಾಲಕ್ಕಿಗಳ ಸುಗ್ಗಿಯು ಫಾಲ್ಗುಣ ಮಾಸದ್ದು. ಗದ್ದೆಯ ಕೆಲಸ ಮುಗಿದು ಕಣಜ ತುಂಬಿದ ಮೇಲೆ, ಹೋಳಿಯ ಹುಣ್ಣಿಮೆಗೆ ಮುಂಚೆ, ಗಂಡಸರು ಗ್ರಾಮದೇವರ ಮುಂದೆ ಸುಗ್ಗಿ ಕಟ್ಟಿ ಹೊರಡುವರು. ತಲೆಯ ಮೇಲೆ ಬೆಂಡಿನ ಹೂವು, ಹಕ್ಕಿ, ಬಣ್ಣದ ಕಾಗದಗಳಿಂದ ಕಟ್ಟಿದ ತುರಾಯಿ. ಕೈಯಲ್ಲಿ ನವಿಲುಗರಿಯ ಕುಂಚ. ನಡುವೆ ಗುಮಟೆ, ಜಾಗಟೆ, ತಾಳ. ಊರಿಂದೂರಿಗೆ ನಡೆದು, ಮನೆಯ ಅಂಗಳದಲ್ಲಿ ಸುತ್ತುಗಟ್ಟಿ ಕುಣಿದು, ಮನೆಗೆ ಒಳಿತನ್ನು ಹರಸಿ, ಅಕ್ಕಿ ಕಾಯಿ ಕಾಣಿಕೆಗಳನ್ನು ಪಡೆದು ಮುಂದೆ ಸಾಗುವರು. ಇದರ ಜೊತೆಗೆ ಹಗರಣವೆಂಬುದೊಂದುಂಟು. ಸಾಲ ಕೊಟ್ಟ ಸಾಹುಕಾರ, ಬಿರುಸಿನ ಅಧಿಕಾರಿ, ಬೇಟೆಗಾರ, ಕಾಡಮೃಗ ಎಲ್ಲರೂ ಅಲ್ಲಿ ವೇಷವಾಗಿ ಬಂದು ನಗಿಸುವರು. ವರ್ಷವಿಡೀ ತಲೆ ತಗ್ಗಿಸಿ ನಿಂತವನು ಅಂದು ತನ್ನ ಧಣಿಯ ನಡಿಗೆಯನ್ನೇ ಅನುಕರಿಸಿ ತೋರಿಸುವನು. ಭರತನ ಲೋಕಧರ್ಮಿಗೆ ಇದಕ್ಕಿಂತ ಉತ್ತಮವಾದ ದೃಷ್ಟಾಂತವನ್ನು ಬೇರೆಲ್ಲಿ ಹುಡುಕಬೇಕು?

ಗುಮಟೆಯೊಂದೇ ಒಂದು ಇತಿಹಾಸವನ್ನು ಹೇಳಬಲ್ಲುದು. ಅದು ಎರಡು ಬಾಯುಳ್ಳ ಮಣ್ಣಿನ ಗಡಿಗೆ. ದೊಡ್ಡ ಬಾಯಿಗೆ ಉಡದ ಚರ್ಮವನ್ನು ಬಿಗಿದು, ಚಿಕ್ಕ ಬಾಯನ್ನು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುವರು. ಗೋವೆಯಲ್ಲಿ ಇದೇ ವಾದ್ಯಕ್ಕೆ ಘುಮಟವೆಂದು ಹೆಸರು. ೨೦೧೯ರಲ್ಲಿ ಅಲ್ಲಿನ ಸರಕಾರವು ಅದನ್ನು ತನ್ನ ನಾಡಿನ ಪಾರಂಪರಿಕ ವಾದ್ಯವೆಂದು ಸಾರಿತು. ಭಾಷೆ ಬೇರೆ, ಮತ ಬೇರೆ, ಅರಸೊತ್ತಿಗೆ ಬೇರೆಯಾದರೂ ಈ ಕರಾವಳಿಯ ದುಡಿವ ಜನರ ನಡುವೆ ಕೊಡುಕೊಳ್ಳುವಿಕೆ ಇದ್ದಿತೆಂಬುದಕ್ಕೆ ಒಂದು ಗಡಿಗೆಯು ಸಾಕ್ಷಿಯಾಗಿ ನಿಂತಿದೆ. ೧೯೭೨ರ ವನ್ಯಜೀವಿ ಕಾಯಿದೆಯ ತರುವಾಯ ಉಡವನ್ನು ಕೊಲ್ಲುವಂತಿಲ್ಲ. ಆಡಿನ ಚರ್ಮವನ್ನು ಬಿಗಿಯುವುದು ಬಂದಿದೆ. ನಾದವು ಕೊಂಚ ಬದಲಾದರೂ ಕುಣಿತವು ನಿಂತಿಲ್ಲ.

ಇಷ್ಟೂ ಗಂಡಸರ ಭಾಗ. ಹೆಂಗಸರ ಭಾಗವು ಅಂಗಳದಿಂದ ಒಳಗೆ. ನೆಟ್ಟಿಯ ಪದ, ಬೀಸುವ ಪದ, ತೊಟ್ಟಿಲ ಪದ, ಮದುವೆಯಲ್ಲಿ ಒಂದೊಂದು ಶಾಸ್ತ್ರಕ್ಕೂ ಒಂದೊಂದು ಪದ. ಕೊರಳ ತುಂಬ ಮಣಿಸರಗಳನ್ನು ಧರಿಸಿ, ಸೀರೆಯನ್ನು ಕೊರಳಬಳಿ ಗಂಟಿಕ್ಕಿ ಉಟ್ಟ ಅಜ್ಜಿಯು ಮೊದಲ ಸಾಲನ್ನೆತ್ತಿದರೆ ಸೊಸೆಯರೂ ಮೊಮ್ಮಕ್ಕಳೂ ಅದನ್ನು ಮರಳಿ ಹೇಳುವರು. ಇದು ಬರಿಯ ವಿನೋದವಲ್ಲ. ಮದುವೆಯ ಪದದಲ್ಲಿ ಯಾರನ್ನು ಕರೆಯಬೇಕು, ಯಾವ ಸಾಮಾನು ಎಲ್ಲಿಂದ ಬರಬೇಕು, ಯಾರ ಕೈಯಿಂದ ಯಾವ ಕಾರ್ಯವಾಗಬೇಕು ಎಂಬ ಕ್ರಮವಿರುವುದು. ಯಾವ ಮನೆಗೆ ಯಾವ ಬಳಿ, ಯಾವ ಕೊಪ್ಪದಿಂದ ಹೆಣ್ಣು ಬಂದಿತು, ಯಾವ ಕೊಪ್ಪಕ್ಕೆ ಹೋಯಿತು ಎಂಬುದೂ ಆಕೆಯ ನಾಲಗೆಯ ಮೇಲೆಯೇ. ಗಂಡಸರು ಸುಗ್ಗಿಯಲ್ಲಿ ಯಾವ ಅಂಗಳಕ್ಕೆ ಹೋಗಬಹುದು, ಯಾವುದಕ್ಕೆ ಕೂಡದು ಎಂಬ ಸಂದೇಹ ಬಂದಾಗಲೂ ಒಳಗಿನ ಮುದುಕಿಯನ್ನು ಕೇಳಿ ಬರುವುದುಂಟು. ಆದುದರಿಂದ ಕುಣಿತವು ಮರವಾದರೆ ಅದರ ಬೇರು ಅಜ್ಜಿಯಲ್ಲಿರುವುದೆನ್ನಲು ಅಡ್ಡಿಯಿಲ್ಲ.

ಅಜ್ಜಿಯ ನೆನಪು ಎಂತಹದೆಂಬುದಕ್ಕೆ ಪಾಠಶಾಲೆಯ ಉದಾಹರಣೆಯೊಂದನ್ನು ಹೇಳುವೆನು. ಅಘನಾಶಿನಿಯ ಅಳಿವೆಯ ಇಕ್ಕೆಲದಲ್ಲಿ ಗಜನಿ ಗದ್ದೆಗಳಿರುವುದನ್ನೂ, ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗವೆಂಬ ಭತ್ತವನ್ನು ಅಲ್ಲಿ ಬೆಳೆಯುವುದನ್ನೂ ವಾಚಕರು ಬಲ್ಲರು. ಮಗುವನ್ನು ಶಾಲೆಗೆ ಸೇರಿಸಲು ಬಂದ ಮುದುಕಿಯೊಬ್ಬಳನ್ನು ಜನ್ಮದಿನಾಂಕ ಕೇಳಿದರೆ, ಗಜನಿಯ ಕಟ್ಟು ಒಡೆದ ವರ್ಷ, ಸುಗ್ಗಿಯವರು ನಮ್ಮ ಅಂಗಳಕ್ಕೆ ಬಂದು ಹೋದ ನಾಲ್ಕನೆಯ ದಿನ, ಹೊತ್ತು ಮೂಡುವ ಮುಂಚೆ ಎಂದು ಹೇಳಿದಳು. ಶಾಲೆಯ ಪಟ್ಟಿಯಲ್ಲಿ ಇಷ್ಟು ಬರೆಯಲು ಕಲಮಿಲ್ಲ. ಇಂಥ ಮಕ್ಕಳಿಗೆಲ್ಲ ಜೂನ್ ೧ ಎಂದು ಬರೆಯುವುದು ನಾಡಿನ ಶಾಲೆಗಳಲ್ಲೆಲ್ಲ ಬಹುಕಾಲ ನಡೆದು ಬಂದ ಪದ್ಧತಿ. ನೂರು ವರ್ಷಗಳ ಅನಂತರ ಇತಿಹಾಸಕಾರನೊಬ್ಬನು ಬಂದು ಆ ಪಟ್ಟಿಯನ್ನು ತೆರೆದರೆ, ನಮ್ಮ ನಾಡಿನಲ್ಲಿ ಮಕ್ಕಳು ಹೆಚ್ಚಾಗಿ ಜೂನ್ ೧ರಂದೇ ಹುಟ್ಟುತ್ತಿದ್ದರೆಂದು ಬರೆದಾನು! ಈ ಎರಡರಲ್ಲಿ ಯಾವುದು ಸತ್ಯಕ್ಕೆ ಹತ್ತಿರ? ಕಟ್ಟು ಒಡೆದ ವರ್ಷವನ್ನು ಕಂದಾಯದ ಕಾಗದದಲ್ಲಿ ಹುಡುಕಬಹುದು. ಸುಗ್ಗಿಯ ದಿನವನ್ನು ಪಂಚಾಂಗದಿಂದ ಎಣಿಸಬಹುದು. ಅಜ್ಜಿಯ ಮಾತು ಪರೀಕ್ಷೆಗೆ ನಿಲ್ಲುವಂಥದು. ಬರೆದ ದಿನಾಂಕವು ನೋಡಲು ಅಚ್ಚುಕಟ್ಟಾಗಿದ್ದರೂ ಪರೀಕ್ಷೆಗೆ ನಿಲ್ಲದು.

ಇದರ ಪಕ್ಕದಲ್ಲಿ ನಮ್ಮ ಯಕ್ಷಗಾನದ ಇತಿಹಾಸವನ್ನಿಟ್ಟು ನೋಡಬೇಕು. ೧೮೪೨ರಲ್ಲಿ ನಮ್ಮ ಕರಾವಳಿಯ ಭಾಗವತ ಮೇಳವೊಂದು ಘಟ್ಟವನ್ನೇರಿ ಸಾಂಗಲಿಗೆ ಹೋಗಿ ಆಟವಾಡಿತು. ಅದು ಹೊನ್ನಾವರದ ಕರ್ಕಿಯ ಮೇಳವೆಂದು ನಮ್ಮಲ್ಲಿ ಪ್ರತೀತಿ. ಅದನ್ನು ನೋಡಿದ ಸಂಸ್ಥಾನಿಕರಾದ ಚಿಂತಾಮಣರಾವ್ ಪಟವರ್ಧನರ ಆಜ್ಞೆಯಂತೆ ವಿಷ್ಣುದಾಸ ಭಾವೆಯವರು ೧೮೪೩ರಲ್ಲಿ ಸೀತಾಸ್ವಯಂವರವನ್ನು ಆಡಿಸಿ ಮರಾಠೀ ರಂಗಭೂಮಿಗೆ ಅಡಿಗಲ್ಲಿಟ್ಟರು. ಗುಣವಂತೆಯಲ್ಲಿ ೧೯೩೪ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯನ್ನು ಸ್ಥಾಪಿಸಿದರು. ಅವರ ಪುತ್ರರಾದ ಶಂಭು ಹೆಗಡೆಯವರು ೨೦೦೯ರಲ್ಲಿ ತೀರಿಕೊಳ್ಳುವವರೆಗೂ ರಂಗಸೇವೆಯನ್ನು ಬಿಡಲಿಲ್ಲ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ೨೦೧೨ರಲ್ಲಿ ಪದ್ಮಶ್ರೀ ಸಂದಿತು. ಈ ಸಂಗತಿಗಳು ನಮಗೆ ವರ್ಷಸಹಿತವಾಗಿ ದೊರೆಯುವುದಕ್ಕೆ ಕಾರಣವೇನು? ಆ ಕಲೆಗೆ ಅರಸರ ಸಭೆ, ಅಚ್ಚಿನ ಪ್ರಸಂಗ, ಓದುಬಲ್ಲ ಮನೆತನ ಇವೆಲ್ಲ ದೊರೆತುವು. ಆದರೆ ಅಲ್ಲಿಯೂ ಸ್ತ್ರೀವೇಷವನ್ನು ಗಂಡಸರೇ ಕಟ್ಟಿದರು. ಹೆಂಗಸು ಚಾಪೆಯ ಮೇಲೆ ಮೊಮ್ಮಗುವನ್ನು ಮಲಗಿಸಿಕೊಂಡು, ಬಂದ ವೇಷ ಯಾರದು, ಆತನು ಯಾರ ಮಗ, ಯಾಕೆ ಸಿಟ್ಟಾಗಿರುವನು ಎಂದು ಕಿವಿಯಲ್ಲಿ ಹೇಳುತ್ತ ಬೆಳಗು ಮಾಡಿದಳು. ಆಟವನ್ನು ನೋಡಬಲ್ಲ ಜನರನ್ನು ತಲೆಮಾರಿನಿಂದ ತಲೆಮಾರಿಗೆ ತಯಾರಿಸಿದವಳು ಆಕೆಯೇ. ಮೇಳಗಳ ಚರಿತ್ರೆಯಲ್ಲಿ ಆಕೆಗೆ ಒಂದು ಪುಟವೂ ದೊರೆತಿಲ್ಲ.

ಒಬ್ಬ ಅಜ್ಜಿಗಾದರೂ ಆ ಪುಟವು ದೊರೆತುದು ನಮ್ಮ ಕಾಲದ ಸುಕೃತ. ಗಂಗಾವಳಿಯ ಆಚೆ, ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರನ್ನು ನಾಡೆಲ್ಲ ಸುಕ್ರಜ್ಜಿಯೆಂದು ಕರೆಯಿತು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಳವೆಯಲ್ಲಿ ತಾಯಿಯ ಬಾಯಿಂದ ಹಾಡು ಕಲಿತರು, ಚಿಕ್ಕಂದಿನಲ್ಲೇ ಮದುವೆಯಾಯಿತು, ಗಂಡನನ್ನು ಕಳೆದುಕೊಂಡರು, ಸಾಕಿದ ಮಗನು ಕುಡಿತಕ್ಕೆ ಬಲಿಯಾದನು. ಇಂಥ ದುಃಖದಲ್ಲಿ ಮಾತು ನಿಲ್ಲುವುದು ಸಹಜ. ಅವರು ಹಾಡನ್ನು ನಿಲ್ಲಿಸಲಿಲ್ಲ; ಅದರ ಮೇಲೆ ಶರಾಯಿಯ ವಿರುದ್ಧ ಹೆಂಗಸರನ್ನು ಒಟ್ಟುಗೂಡಿಸಿ ಹೋರಾಟಕ್ಕೂ ನಿಂತರು. ತಮ್ಮ ಜನರ ಹಾಡುಗಳಲ್ಲಿ ಸಾವಿರಾರು ಅವರಿಗೆ ಕಂಠಸ್ಥವಾಗಿದ್ದುವೆಂದು ಪ್ರಸಿದ್ಧಿ. ತಾರ್ಲೆಯೆಂಬ ಕುಣಿತವನ್ನು ಮರೆಯಾಗಲು ಬಿಡದೆ ಕಿರಿಯರಿಗೆ ಕಲಿಸಿದರು. ೨೦೧೭ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ೧೩ ಫೆಬ್ರವರಿ ೨೦೨೫ರಂದು ತೀರಿಕೊಂಡರು. ಅದೇ ತಾಲೂಕಿನ ಹೊನ್ನಳ್ಳಿಯ ತುಳಸಿ ಗೌಡರು ಅದಕ್ಕೆ ಎರಡು ತಿಂಗಳ ಮುಂಚೆ, ೧೬ ಡಿಸೆಂಬರ್ ೨೦೨೪ರಂದು, ಅಗಲಿದ್ದರು. ಅವರೂ ಹಾಲಕ್ಕಿಗಳೇ, ಓದುಬಾರದವರೇ, ಪದ್ಮಶ್ರೀ ಪಡೆದವರೇ. ಅರಣ್ಯ ಇಲಾಖೆಯ ಸಸಿಮಡಿಗಳಲ್ಲಿ ದುಡಿಯುತ್ತ, ಕಾಡಿನಲ್ಲಿ ತಾಯಿಮರ ಯಾವುದು, ಅದರ ಬೀಜವನ್ನು ಎಂದು ಎತ್ತಬೇಕು ಎಂಬುದನ್ನು ನೋಡಿದೊಡನೆ ಹೇಳಬಲ್ಲವರಾಗಿದ್ದರು. ಎರಡೇ ತಿಂಗಳಲ್ಲಿ ಒಂದೇ ಜನಾಂಗದ ಇಬ್ಬರು ಅಜ್ಜಿಯರು ಹೋದುದು ನಮಗೆ ಎಚ್ಚರಿಕೆಯ ಗಂಟೆಯಲ್ಲವೆ?

ಇಲ್ಲಿಯವರೆಗಿನ ವಿಚಾರವು ಕಲೆಯ ಮೇಲಿನ ಅಭಿಮಾನಕ್ಕೆ ಮಾತ್ರ ಸಂಬಂಧಿಸಿದುದೆಂದು ಯಾರೂ ತಿಳಿಯಬಾರದು. ಇದರಲ್ಲಿ ಅನ್ನದ ಪ್ರಶ್ನೆಯೂ ಉಂಟು. ಹತ್ತೊಂಬತ್ತನೆಯ ಶತಮಾನದಲ್ಲಿ ಸರಕಾರವು ಕುಮರಿ ಬೇಸಾಯವನ್ನು ನಿರ್ಬಂಧಿಸಿ ಕಾಡನ್ನು ಕಾದಿಟ್ಟಿತು. ಅಂದಿನಿಂದ ಗುಡ್ಡದ ಬುಡದ ಒಕ್ಕಲುಗಳ ಕಾಲಡಿಯ ನೆಲವು ಯಾರದೆಂಬ ತಕರಾರು ಮುಗಿದಿಲ್ಲ. ೧೯೭೪ರ ಭೂಸುಧಾರಣೆಯಲ್ಲಿ ಗೇಣಿಚೀಟಿಯಿಲ್ಲದ ಒಕ್ಕಲು ಭೂನ್ಯಾಯಮಂಡಳಿಯ ಮುಂದೆ ಬಾಯಿಮಾತಿನ ಸಾಕ್ಷ್ಯದಿಂದಲೇ ತನ್ನ ಉಳುಮೆಯನ್ನು ತೋರಿಸಬೇಕಾಯಿತು. ೨೦೦೬ರ ಅರಣ್ಯಹಕ್ಕು ಕಾಯಿದೆಯ ಪ್ರಕಾರ, ಪರಿಶಿಷ್ಟ ಪಂಗಡಕ್ಕೆ ಸೇರದ ವನವಾಸಿಗಳು ೧೩ ಡಿಸೆಂಬರ್ ೨೦೦೫ಕ್ಕೆ ಹಿಂದೆ ಮೂರು ತಲೆಮಾರು, ಎಂದರೆ ೭೫ ವರ್ಷಗಳ ಕಾಲ, ಅಲ್ಲಿ ನೆಲೆಸಿದ್ದುದನ್ನು ರುಜುಪಡಿಸಬೇಕು. ಪರಿಶಿಷ್ಟ ಪಂಗಡದ ಪಟ್ಟಿಗೆ ತಮ್ಮನ್ನು ಸೇರಿಸಬೇಕೆಂದು ಹಾಲಕ್ಕಿಗಳು ಬಹುಕಾಲದಿಂದ ಬೇಡುತ್ತಿರುವರು. ಸುಕ್ರಜ್ಜಿಯೂ ಆ ಬೇಡಿಕೆಗೆ ದನಿಗೂಡಿಸಿದ್ದರು. ಅದು ಕೈಗೂಡದ ಪಕ್ಷದಲ್ಲಿ ಕಾಡಂಚಿನ ಹಾಲಕ್ಕಿಯ ಮನೆಗೂ ಈ ಎಪ್ಪತ್ತೈದು ವರ್ಷದ ಭಾರವು ತಪ್ಪದು. ೧೯೩೦ರ ಕಾಗದವನ್ನು ಕೊಪ್ಪದ ಹುಲ್ಲುಮನೆಯಲ್ಲಿ ಯಾರು ಕಾದಿಟ್ಟಿರುವರು? ಆದರೆ ಅದೇ ಕಾಯಿದೆಯ ನಿಯಮಗಳಲ್ಲಿ, ಹಕ್ಕು ಬೇಡುವವರನ್ನುಳಿದ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷ್ಯವಾಗಿ ಹಿಡಿಯಬಹುದೆಂದು ಹೇಳಿರುವುದು. ವಾತ್ಸ್ಯಾಯನನು ಆಪ್ತನೆಂದು ಕರೆದವನನ್ನು ಇಂದಿನ ಕಾಯಿದೆಯು ಊರಿನ ಹಿರಿಯರೆಂದು ಕರೆಯುವುದು. ಮಾತಿನ ತಿರುಳು ಒಂದೇ.

ಹಾಗೆಂದು ಅಜ್ಜಿಯ ಪದದಲ್ಲಿರುವುದೆಲ್ಲ ನಡೆದ ಸಂಗತಿಯೆಂದು ಕಣ್ಣು ಮುಚ್ಚಿ ಒಪ್ಪುವುದೂ ಸರಿಯಲ್ಲ. ಪದವು ಬಾಯಿಂದ ಬಾಯಿಗೆ ಬರುವಾಗ ಬದಲಾಗುವುದು. ಕೊಪ್ಪದಿಂದ ಕೊಪ್ಪಕ್ಕೆ ಪಾಠಭೇದವುಂಟು. ಹೇಳುವವಳು ತನ್ನ ದುಃಖವನ್ನು ಸೀತೆಗೂ ದ್ರೌಪದಿಗೂ ಕೊಡುವುದುಂಟು. ಅರಸರ ಕಾಲನಿರ್ಣಯಕ್ಕೆ ಅದನ್ನು ತರಬಾರದು. ಆದರೆ ಬೆಳೆದ ಬೆಳೆ, ನಡೆದ ದಾರಿ, ಕೊಟ್ಟು ತಂದ ಸಂಬಂಧ, ಬಳಸಿದ ಸಾಮಾನು, ತೆತ್ತ ದಂಡ ಇವುಗಳ ವಿಷಯದಲ್ಲಿ ಆಕೆಯು ಕಂಡು ಕೇಳಿದುದನ್ನೇ ಹೇಳುವಳು. ಅದರಲ್ಲಿ ಸುಳ್ಳು ಹೇಳಿ ಆಕೆಗೆ ಆಗಬೇಕಾದುದೇನೂ ಇಲ್ಲ. ಶಾಸನಗಳಲ್ಲಿಯೂ ಕೂಟಶಾಸನಗಳಿರುವುವು. ಅವುಗಳನ್ನು ಪರೀಕ್ಷಿಸಿ ತೆಗೆದುಕೊಳ್ಳುವಂತೆ ಪದಗಳನ್ನೂ ಪರೀಕ್ಷಿಸಿ ತೆಗೆದುಕೊಳ್ಳಬೇಕೆಂಬಷ್ಟೇ ನಮ್ಮ ವಾದ.

ಈ ಕೆಲಸವನ್ನು ನಮ್ಮವರು ಮಾಡಿಯೇ ಇಲ್ಲವೆಂದಲ್ಲ. ಕುಮಟೆಯ ಡಾ. ಎಲ್. ಆರ್. ಹೆಗಡೆಯವರೂ, ಹೊನ್ನಾವರದ ಡಾ. ಎನ್. ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿಗಳೂ ಕೊಪ್ಪಕೊಪ್ಪಗಳಲ್ಲಿ ತಿರುಗಿ ಹಾಡು, ಕಥೆ, ಆಚಾರಗಳನ್ನು ಬರೆದುಕೊಂಡು ಅಚ್ಚು ಹಾಕಿಸಿದರು. ಆಕಾಶವಾಣಿಯೂ ಸುಕ್ರಜ್ಜಿಯ ಕಂಠವನ್ನು ಹಿಡಿದಿಟ್ಟಿತು. ಆದರೆ ಹಾಡನ್ನು ಸಾಹಿತ್ಯವೆಂದು ಓದಿದಷ್ಟು, ಅದನ್ನು ಹಾಡಿದವಳ ಮನೆತನದ ಇತಿಹಾಸವೆಂದು ಓದಿದುದಿಲ್ಲ. ಆ ಭಾಗವು ಬಾಕಿ ಇರುವುದು.

ಈಚೆಗೆ ಸುಗ್ಗಿಯನ್ನು ಉತ್ಸವದ ವೇದಿಕೆಯ ಮೇಲೆ ಹತ್ತು ನಿಮಿಷ ಕುಣಿಸಿ ಶಾಲು ಹೊದಿಸುವುದು ನಡೆದಿದೆ. ಕಿರಿಯರು ಹೊಟ್ಟೆಪಾಡಿಗಾಗಿ ಗೋವೆಗೂ ಬೆಂಗಳೂರಿಗೂ ಹೋಗುವ ಕಾಲದಲ್ಲಿ ಅಷ್ಟಾದರೂ ಉಳಿದುದು ಸಂತೋಷವೇ. ಆದರೆ ತುರಾಯಿ ವೇದಿಕೆಗೆ ಬಂದಿತು, ಅಂಗಳದಿಂದ ಅಂಗಳಕ್ಕೆ ಹೋಗುವ ದಾರಿಯು ಬರಲಿಲ್ಲ. ಗುಮಟೆ ಬಂದಿತು, ಗುಮಟೆಯವನಿಗೆ ಯಾವ ಅಂಗಳವು ತನ್ನದೆಂದು ಹೇಳಿದ ಮುದುಕಿಯು ಬರಲಿಲ್ಲ. ಅಜ್ಜಿಯರ ಬಾಳನ್ನು ನೃತ್ಯರೂಪಕವಾಗಿ ಆಡಿ ತೋರಿಸಬೇಕೆಂಬ ಉತ್ಸಾಹವು ನಮ್ಮ ತರುಣರಲ್ಲಿ ಹುಟ್ಟಿದರೆ ಅದು ಸ್ತುತ್ಯವಾದುದೇ. ಅಂಥವರಿಗೆ ಹಿರಿಯನೊಬ್ಬನ ಸೂಚನೆಯಿಷ್ಟೆ: ಬಿಳಿಯ ಕೂದಲನ್ನೂ ಮಣಿಸರವನ್ನೂ ವೇಷವಾಗಿ ಧರ್ಮಮಾಡಿ ತೃಪ್ತರಾಗಬೇಡಿರಿ. ಬದುಕಿರುವ ಅಜ್ಜಿಯನ್ನು ಮೊದಲು ಕೇಳಿರಿ. ಆಕೆಯು ಬೇಡವೆಂದ ಪದವನ್ನು ಬಿಡಿರಿ. ಹೇಳಿದ ಪದದ ಕೆಳಗೆ ಆಕೆಯ ಹೆಸರು, ಕೊಪ್ಪ, ಬಳಿ, ಯಾರಿಂದ ಕಲಿತಳು ಎಂಬುದನ್ನು ಆಕೆಯ ಒಪ್ಪಿಗೆಯಿಂದ ಬರೆಯಿರಿ. ಬರೆದುದರ ಒಂದು ಪ್ರತಿಯನ್ನು ಆ ಕೊಪ್ಪದಲ್ಲಿಯೇ ಇಡಿರಿ. ನಾಳೆ ಆಕೆಯ ಮೊಮ್ಮಗನು ಯಾವುದಾದರೊಂದು ಕಚೇರಿಯ ಮುಂದೆ ನಿಂತಾಗ ಅದು ಅವನ ಕೈಗೆ ದೊರೆಯಬೇಕು.

ನಮ್ಮ ಜಿಲ್ಲೆಯ ಸಂಘದ ಸದಸ್ಯರಲ್ಲಿ ಅನೇಕರು ಉಪಾಧ್ಯಾಯರಾಗಿದ್ದವರು; ಒಂದೊಂದು ಕೊಪ್ಪದಲ್ಲಿಯೂ ಅವರಿಗೆ ಹಳೆಯ ಶಿಷ್ಯರಿರುವರು. ಬರುವ ಫಾಲ್ಗುಣದಲ್ಲಿ ಗುಮಟೆಯ ಸದ್ದು ಕೇಳಿದಾಗ ಅಂಗಳದಲ್ಲಿ ನಿಂತು ಕುಣಿತವನ್ನು ನೋಡಿದ ಮೇಲೆ, ಒಂದು ಗಳಿಗೆ ಜಗಲಿಯ ಕಡೆಗೂ ತಿರುಗಿ, ಅಲ್ಲಿ ಕುಳಿತ ಹಿರಿಯಳನ್ನು ಮಾತನಾಡಿಸಬೇಕೆಂದೂ, ಕೇಳಿದುದನ್ನು ಅಂದೇ ಬರೆದಿಡಬೇಕೆಂದೂ ಅವರೆಲ್ಲರಲ್ಲಿ ವಿನಯಪೂರ್ವಕವಾಗಿ ಬಿನ್ನವಿಸಿ ಈ ಲೇಖನವನ್ನು ಮುಗಿಸುವೆನು.